ಕೋಚಿಯ ಹಿರೋಮೆ ಮಾರ್ಕೆಟ್ ರಿವ್ಯೂ: ಹಸಿ ಮೀನು ತಿನ್ನೋಕೆ ಹೋಗೋರು ಓದ್ಕೊಂಡು ಹೋಗಿ

ಕೇರಳದ ಕೊಚ್ಚಿ ಅಲ್ಲ ಇದು, ಜಪಾನಿನ ಶಿಕೋಕು ದ್ವೀಪದ ಕೋಚಿ. ಟೋಕಿಯೋ ಕ್ಯೋಟೋ ಒಸಾಕಾ ಅಂತ ಸುತ್ತೋ ನಮ್ಮೋರು ಶಿಕೋಕು ಕಡೆ ತಲೆ ಹಾಕೋದೇ ಕಮ್ಮಿ, ಅದಕ್ಕೇ ಬರೀತಿದೀನಿ. ಹಸಿ ಮೀನು ಒಂದ್ಸಲ ತಿಂದು ನೋಡ್ಬೇಕು ಅನ್ನೋ ಆಸೆ ಇದ್ದು ಜೊತೆಗೆ ಭಯಾನೂ ಇರೋರು ಎಲ್ಲಿಗೆ ಹೋಗ್ಲಿ ಅಂತ ಕೇಳಿದ್ರೆ ನಾನು ಟೋಕಿಯೋದ ಹೆಸರಾದ ಮೀನು ಮಾರ್ಕೆಟ್ ತೊಯೋಸು ಹೇಳಲ್ಲ, ಸುಕಿಜಿನೂ ಹೇಳಲ್ಲ, ಸೀದಾ ಕೋಚಿಯ ಹಿರೋಮೆ ಮಾರ್ಕೆಟ್ಟಿಗೆ ಹೋಗಿ ಅಂತೀನಿ. ಐದಕ್ಕೆ ನಾಲ್ಕೂವರೆ ಸ್ಟಾರ್. ಆದ್ರೆ ಸ್ಟಾರ್ ಕೊಟ್ಟು ಸುಮ್ನಿರೋಕೆ ಆಗಲ್ಲ, ಯಾಕಂದ್ರೆ ಹಸಿ ಮೀನು ಹಸಿ ಮಾಂಸದ ವಿಷಯ ಬಂದ್ರೆ ನಮ್ಮಲ್ಲಿ ಎರಡೇ ಪಂಗಡ, ಒಂದು "ಅಯ್ಯೋ ಛೀ" ಅಂತ ತಟ್ಟೆ ದೂಡೋರು, ಇನ್ನೊಂದು "ಫ್ರೆಶ್ ಇದ್ರೆ ಏನೂ ಆಗಲ್ಲ, ತಿನ್ನು ಮಾರಾಯ್ತಿ" ಅನ್ನೋರು. ಮೊದಲನೆಯವರಿಗೆ ಒಂದು ಒಳ್ಳೆ ರುಚಿ ತಪ್ಪಿಹೋಗುತ್ತೆ ಅಷ್ಟೇ, ಎರಡನೆಯವರು ಆಸ್ಪತ್ರೆ ಸೇರ್ತಾರೆ. ಫ್ರೆಶ್ ಬೇರೆ, ಸೇಫ್ ಬೇರೆ. ಇದೊಂದು ತಲೆಗೆ ಹೋದ್ರೆ ಮಿಕ್ಕಿದ್ದೆಲ್ಲ ಸಲೀಸು.

ನಾನು ಮಲ್ಪೆ ಕಡೆಯೋಳು. ಕಿವಿರು ಎತ್ತಿ ಕೆಂಪಿದ್ಯಾ ನೋಡು, ಕಣ್ಣು ಒಳಗೆ ಹೋಗಿದ್ಯಾ ನೋಡು, ಹೊಟ್ಟೆ ಒತ್ತಿದ್ರೆ ಗುಂಡಿ ಬೀಳ್ಬಾರ್ದು, ಇದನ್ನೆಲ್ಲ ಅಮ್ಮನ ಹಿಂದೆ ಮೀನು ತರೋಕೆ ಹೋಗಿ ಹೋಗಿ ಕಲ್ತಿದ್ದು. ಅಷ್ಟೆಲ್ಲ ಪರೀಕ್ಷೆ ಮಾಡಿ ತಂದ ಬಂಗುಡೆನೂ ನಮ್ಮಲ್ಲಿ ಹಸಿ ತಿನ್ನಲ್ಲ, ಪುಳಿಮುಂಚಿಗೆ ಹಾಕಿ ಕುದಿಸೇ ತಿನ್ನೋದು, ಅದಕ್ಕೊಂದು ಅರ್ಥ ಇದೆ ಅಂತ ಈಗ ಗೊತ್ತಾಗಿದೆ. ಕೆಲಸದ ಮೇಲೆ ಒಸಾಕಾಕ್ಕೆ ಬಂದು ಉಳ್ಕೊಂಡ್ಮೇಲೆ ಸಾಶಿಮಿ, ಅಂದ್ರೆ ಹಸಿ ಮೀನಿನ ಹೋಳು, ಅಭ್ಯಾಸ ಆಯ್ತು, ಈಗ ಬಿಡೋಕೂ ಆಗಲ್ಲ, ಬಿಡೋ ಮನಸ್ಸೂ ಇಲ್ಲ.

ಹಿರೋಮೆ ಅಂದ್ರೆ ಒಂದು ಹೋಟೆಲ್ ಅಲ್ಲ. ಒಂದೇ ಸೂರಿನ ಕೆಳಗೆ ಅರವತ್ತರ ಹತ್ರ ಸಣ್ಣ ಸಣ್ಣ ಅಂಗಡಿ, ನಡುವೆ ಉದ್ದುದ್ದ ಮರದ ಟೇಬಲ್ಲು ಬೆಂಚು. 1998ರಲ್ಲಿ ಶುರುವಾಗಿದ್ದು. ಕೋಚಿ ಕೋಟೆಯಿಂದ ನಡ್ಕೊಂಡೇ ಬರಬಹುದು, ಒಬಿಯಾಮಾಚಿ ಅಂತ ಮೇಲೆ ಛಾವಣಿ ಹಾಕಿರೋ ಶಾಪಿಂಗ್ ಬೀದಿ ಇದ್ಯಲ್ಲ ಅದರ ಪಶ್ಚಿಮದ ತುದಿ. ಹಿಂದೆ ತೋಸಾ ಸಂಸ್ಥಾನದ (ಕೋಚಿಯ ಹಳೇ ಹೆಸರು ತೋಸಾ) ಫುಕಾವೊ ಹಿರೋಮೆ ಅನ್ನೋ ಹಿರಿಯ ಅಧಿಕಾರಿಯ ಮನೆ ಇದ್ದ ಜಾಗ ಅದು, ಹಾಗಾಗಿ ಆ ಹೆಸರು. ನಿಮಗೆ ಬೇಕಾದ ಅಂಗಡಿಯಲ್ಲಿ ಬೇಕಾದ್ದು ತಗೊಂಡು ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಕೂತ್ಕೊಂಡು ತಿನ್ನೋದು, ಪಕ್ಕದಲ್ಲಿ ಯಾರು ಅಂತ ಗೊತ್ತಿರಲ್ಲ, ಐದು ನಿಮಿಷಕ್ಕೆ ಅವರ ತಟ್ಟೆಯಿಂದ ನಿಮಗೊಂದು ತುಂಡು ಬಂದಿರುತ್ತೆ. ಒಸಾಕಾದಲ್ಲಿ ರೈಲಿನಲ್ಲಿ ಎದುರು ಬದುರು ಕೂತ್ರೂ ಮಾತಾಡದ ಜಪಾನಿಗಳು ಇಲ್ಲಿ ಬೆಳಗ್ಗೆ ಹನ್ನೊಂದಕ್ಕೇ ಬಿಯರ್ ಹಿಡ್ಕೊಂಡು "ಎಲ್ಲಿಂದ ಬಂದ್ರಿ" ಅಂತ ಕೇಳ್ತಾರೆ, ಕೋಚಿ ಜನಕ್ಕೆ ಕುಡಿಯೋದ್ರಲ್ಲೂ ಮಾತಾಡೋದ್ರಲ್ಲೂ ದೇಶಕ್ಕೆಲ್ಲ ಹೆಸರಿದೆ.

ಇಲ್ಲಿಗೆ ಬರೋದು ಕಟ್ಸುವೊಗೆ. ಟ್ಯೂನಾ ಕುಟುಂಬದ ಮೀನು, ನಮ್ಮ ಕರಾವಳಿಯಲ್ಲಿ ಕೇದರ ಅಂತ ತಗೊಳ್ತೀವಲ್ಲ ಅದರ ಹತ್ತಿರದ ನೆಂಟ, ಹೊಟ್ಟೆ ಮೇಲೆ ಉದ್ದುದ್ದ ಗೆರೆ ಇರುತ್ತೆ. ಕೋಚಿಯವರು ಇದನ್ನ ಬಲೆ ಹಾಕಿ ಬಾಚೋದಕ್ಕಿಂತ ಗಾಳ ಹಾಕಿ ಒಂದೊಂದಾಗಿ ಎತ್ತೋದಕ್ಕೆ ಹೆಸರುವಾಸಿ, ದೋಣಿ ಅಂಚಿನಲ್ಲಿ ಸಾಲಾಗಿ ನಿಂತು ಉದ್ದ ಕೋಲಿಂದ ಬೆನ್ನ ಹಿಂದಕ್ಕೆ ಎಸೀತಾರೆ. ಬಲೆಯಲ್ಲಿ ಒಂದರ ಮೇಲೊಂದು ಬಿದ್ದು ಜಜ್ಜಿ ಹೋಗಲ್ಲ, ಹಾಗಾಗಿ ಮಾಂಸ ಚೆನ್ನಾಗಿರುತ್ತೆ. ವಸಂತದಲ್ಲಿ ಕುರೊಶಿಯೊ ಅನ್ನೋ ಸಮುದ್ರದ ಪ್ರವಾಹದ ಜೊತೆ ಉತ್ತರಕ್ಕೆ ಹೋಗುವಾಗ ಸಿಗೋದು ತೆಳು, ಎಣ್ಣೆ ಕಮ್ಮಿ, ರಕ್ತದ ರುಚಿ ಜಾಸ್ತಿ. ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಉತ್ತರದಲ್ಲಿ ಹೊಟ್ಟೆ ತುಂಬ ತಿಂದು ವಾಪಸ್ ಬರುವಾಗ ಕೊಬ್ಬು ಕಟ್ಟಿರುತ್ತೆ. ಜಪಾನಿಗಳು ಮೊದಲನೆಯದಕ್ಕೆ ಮುಗಿಬೀಳ್ತಾರೆ, ನನಗೆ ಎರಡನೆಯದೇ ಇಷ್ಟ.

ಹಿರೋಮೆಯಲ್ಲಿ ಮ್ಯೋಜಿನ್‌ಮಾರು ಅಂತ ಅಂಗಡಿ ಇದೆ, ಕ್ಯೂ ನೋಡಿದ್ರೇ ಗೊತ್ತಾಗುತ್ತೆ, ಗಾಜಿನ ಆಚೆ ನಿಮ್ಮ ಕಣ್ಣೆದುರೇ ಮಾಡ್ತಾರೆ. ಮೀನನ್ನ ಉದ್ದಕ್ಕೆ ನಾಲ್ಕು ಭಾಗ ಮಾಡಿರ್ತಾರೆ, ಚರ್ಮ ಹಾಗೇ ಇರುತ್ತೆ. ಜಾಲರಿ ಮೇಲಿಟ್ಟು ಕೆಳಗೆ ಭತ್ತದ ಒಣ ಹುಲ್ಲು ಒಂದು ಹಿಡಿ ಎಸೆದ್ರೆ ಧಗ್ ಅಂತ ಬೆಂಕಿ ಆಳೆತ್ತರ ಏಳುತ್ತೆ, ಇದ್ದಿಲಲ್ಲಿ ಗ್ಯಾಸಲ್ಲಿ ಈ ಥರ ಏಳಲ್ಲ. ಚರ್ಮದ ಕಡೆ ಮೊದಲು, ಆಮೇಲೆ ಮಗುಚಿ ಇನ್ನೊಂದು ಕಡೆ, ಎಲ್ಲಾ ಸೇರಿ ಒಂದು ನಿಮಿಷದ ಆಟ. ಹೊರಗೆ ಎರಡು ಮೂರು ಮಿಲಿಮೀಟರ್ ಬೆಳ್ಳಗಾಗಿ ಚರ್ಮ ಕಪ್ಪಾಗಿ ಗುಳ್ಳೆ ಎದ್ದಿರುತ್ತೆ, ಒಳಗೆಲ್ಲ ಪೂರ್ತಿ ಹಸಿ, ದಾಸವಾಳ ಕೆಂಪು. ಅದನ್ನ ಬೆರಳು ದಪ್ಪಕ್ಕೆ ಕತ್ತರಿಸಿ ಕಲ್ಲುಪ್ಪು ಉದುರಿಸಿ ಕೊಡೋದೇ ಶಿಯೊ ತತಾಕಿ. ಬೇರೆ ಊರಲ್ಲಿ ಐಸ್ ನೀರಿಗೆ ಅದ್ದಿ ತಣ್ಣಗೆ ಮಾಡಿ ಸಾಸ್ ಹಾಕಿ ಕೊಡ್ತಾರೆ, ಇಲ್ಲಿ ಬೆಚ್ಚಗೇ ಬರುತ್ತೆ. ಪಕ್ಕದಲ್ಲಿ ಹಸಿ ಬೆಳ್ಳುಳ್ಳಿ ಬಿಲ್ಲೆ, ಈರುಳ್ಳಿ ಸೊಪ್ಪು. ಬೆಳ್ಳುಳ್ಳಿ ಬಿಲ್ಲೆ ಮೇಲಿಟ್ಟು ಒಂದು ತುಂಡು ಬಾಯಿಗೆ ಹಾಕಿದ್ರೆ ಮೊದಲು ಹೊಗೆ, ಚರ್ಮದ ಕೆಳಗಿನ ಕೊಬ್ಬು ಕರಗಿದ ಎಣ್ಣೆ, ಆಮೇಲೆ ಹಲ್ಲಿಗೆ ಸಿಗೋ ತಂಪು ಮಾಂಸ, ಕಡೆಗೆ ನಾಲಿಗೆ ಹಿಂದೆ ಸ್ವಲ್ಪ ಕಬ್ಬಿಣದ ಹುಳಿ. ಆ ಬಿಸಿ ತಂಪು ಎರಡೂ ಒಂದೇ ತುತ್ತಲ್ಲಿ ಸಿಗೋದು ಇದೆಯಲ್ಲ ಅದಕ್ಕೇ ಜನ ದೂರದಿಂದ ಬರೋದು. ಬೇಯಿಸಿದ ಕಟ್ಸುವೊ ತಿಂದು ನೋಡಿ, ಒಣಕಲು, ಗಂಟಲಲ್ಲಿ ಇಳಿಯಲ್ಲ. ಈ ಮೀನಿನ ಸುಖ ಇರೋದೇ ಹಸಿಯಲ್ಲಿ. ನಮ್ಮೋರಿಗೆ ಸಾಶಿಮಿಗಿಂತ ಇದು ಸುಲಭ, ಹೊಗೆ ಉಪ್ಪು ಬೆಳ್ಳುಳ್ಳಿ ಎಲ್ಲಾ ನಮಗೆ ಗುರುತಿರೋ ರುಚಿಗಳೇ. ಒಂದು ಪ್ಲೇಟ್ ಸುಮಾರು ಸಾವಿರದ ಚಿಲ್ಲರೆ ಯೆನ್, ಅನ್ನ, ಮಿಸೊ ಅನ್ನೋ ಹುದುಗಿಸಿದ ಸೋಯಾ ಹಿಟ್ಟಿನ ಸೂಪು ಸೇರಿಸಿ ಸೆಟ್ಟೂ ಸಿಗುತ್ತೆ.

ಈ ತತಾಕಿ ಹುಟ್ಟಿದ್ದಕ್ಕೆ ಅಲ್ಲಿ ಒಂದು ಕಥೆ ಹೇಳ್ತಾರೆ. 1601ರಲ್ಲಿ ತೋಸಾಕ್ಕೆ ಬಂದ ಯಾಮಾಉಚಿ ಕಾಜುತೊಯೊ ಅನ್ನೋ ದೊರೆ, ಜನ ಹಸಿ ಕಟ್ಸುವೊ ತಿಂದು ಹೊಟ್ಟೆ ಕೆಡಿಸ್ಕೊಳ್ತಿದಾರೆ ಅಂತ ಅದನ್ನ ನಿಷೇಧ ಮಾಡಿದ್ನಂತೆ. ಜನ ಏನ್ ಮಾಡಿದ್ರು, ಹೊರಗಡೆ ಮಾತ್ರ ಸುಟ್ಟು "ಇದು ಸುಟ್ಟ ಮೀನು ಸ್ವಾಮಿ" ಅಂದ್ರಂತೆ. ದಾಖಲೆ ಇರೋ ಇತಿಹಾಸ ಅಲ್ಲ, ಬಾಯಿಂದ ಬಾಯಿಗೆ ಬಂದಿದ್ದು, ತತಾಕಿ ಹುಟ್ಟಿದ್ದಕ್ಕೆ ಬೇರೆ ಕಥೆಗಳೂ ಇವೆ. ಆದ್ರೂ ನನಗೆ ಈ ಕಥೆ ಇಷ್ಟ, ಆಸೆ ಒಂದು ಕಡೆ ಹೊಟ್ಟೆನೋವು ಒಂದು ಕಡೆ ಕಾನೂನು ಒಂದು ಕಡೆ, ಇವತ್ತಿಗೂ ಹಸಿ ತಿನ್ನೋ ವಿಷಯ ಇಷ್ಟರಲ್ಲೇ ಸುತ್ತುತ್ತೆ.

ಈಗ ರಿಸ್ಕಿನ ವಿಷಯ, ಇದನ್ನ ಸ್ಕಿಪ್ ಮಾಡ್ಬೇಡಿ. ಹೊರಗೆ ಸುಟ್ಟಿದೆ ಅಂದ್ಮೇಲೆ ಸೇಫ್ ಅಂತ ಬಹಳ ಜನ ಅನ್ಕೊಂಡಿದಾರೆ. ಸುಟ್ಟಿದ್ದರಿಂದ ಮೇಲ್ಮೈಯಲ್ಲಿರೋ ಬ್ಯಾಕ್ಟೀರಿಯಾ ಸಾಯುತ್ತೆ ನಿಜ, ಒಳಗಿರೋದಕ್ಕೆ ಏನೂ ಆಗಲ್ಲ. ಒಳಗೆ ಏನಿರಬಹುದು ಅಂದ್ರೆ ಅನಿಸಾಕಿಸ್ ಅನ್ನೋ ಹುಳ. ತಿಮಿಂಗಿಲ ಡಾಲ್ಫಿನ್ ಹೊಟ್ಟೆಯಲ್ಲಿ ದೊಡ್ಡದಾಗೋ ಹುಳ ಇದು, ಅದರ ಮೊಟ್ಟೆ ಸಮುದ್ರ ಸೇರಿ, ಸಿಗಡಿ ಥರದ ಸಣ್ಣ ಜೀವಿಗಳ ಮೂಲಕ ಮೀನಿನ ಹೊಟ್ಟೆಗೆ ಬಂದು ಮರಿಯಾಗಿ ಸುತ್ಕೊಂಡು ಕೂತಿರುತ್ತೆ. ಮೀನು ಸತ್ತ ಮೇಲೆ ಕರುಳು ಬಿಟ್ಟು ಮಾಂಸದ ಕಡೆ ಹೊರಡುತ್ತೆ, ಅದಕ್ಕೇ ಹಿಡಿದ ತಕ್ಷಣ ಕರುಳು ತೆಗೀಬೇಕು ಅನ್ನೋದು. ಎರಡು ಮೂರು ಸೆಂಟಿಮೀಟರ್ ಉದ್ದ, ಬಿಳಿ ಹೊಲಿಗೆ ದಾರದ ತುಂಡಿನ ಥರ ಇರುತ್ತೆ, ಕಣ್ಣಿಗೆ ಕಾಣುತ್ತೆ, ಹುಡುಕಿದ್ರೆ. ಇತ್ತೀಚಿನ ವರ್ಷಗಳಲ್ಲಿ ಜಪಾನಲ್ಲಿ ವರದಿಯಾಗೋ ಫುಡ್ ಪಾಯ್ಸನಿಂಗ್ ಕೇಸುಗಳ ಪಟ್ಟಿಯಲ್ಲಿ ಬಹುತೇಕ ಮೇಲಿರೋದು ಇದೇ, ಅದರಲ್ಲೂ 2018ರಲ್ಲಿ ಕಟ್ಸುವೊ ತಿಂದು ಅನಿಸಾಕಿಸ್ ಆದೋರ ಸಂಖ್ಯೆ ಏಕಾಏಕಿ ಏರಿತ್ತು.

ನನ್ನ ಜೊತೆ ಕೆಲಸ ಮಾಡೋ ಒಬ್ಬರಿಗೆ ಆಗಿದ್ದನ್ನ ಹತ್ರದಿಂದ ನೋಡಿದೀನಿ. ಒಸಾಕಾದ ಒಂದು ಸಣ್ಣ ಕುಡಿಯೋ ಅಂಗಡಿಯಲ್ಲಿ ವಿನೆಗರಲ್ಲಿ ನೆನೆಸಿದ ಬಂಗುಡೆ ಜಾತಿ ಮೀನು ತಿಂದ್ರು, ರಾತ್ರಿ ಎರಡು ಗಂಟೆಗೆ ಹೊಟ್ಟೆ ಮೇಲ್ಭಾಗ ಹಿಡ್ಕೊಂಡು ಒದ್ದಾಟ, ಅಲೆ ಅಲೆಯಾಗಿ ಬರೋ ನೋವು, ವಾಂತಿ, ಜ್ವರ ಇಲ್ಲ ಭೇದಿ ಇಲ್ಲ. ಬೆಳಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆನೇ "ನಿನ್ನೆ ಏನು ತಿಂದ್ರಿ". ಬಾಯಿಂದ ಎಂಡೋಸ್ಕೋಪ್ ಇಳಿಸಿದ್ರು, ಆಮೇಲೆ ಅವರು ತೋರಿಸಿದ ಫೋಟೋದಲ್ಲಿ ಜಠರದ ಗೋಡೆ ಊದಿ ಕೆಂಪಾಗಿದೆ, ನಡುವೆ ಆ ಬಿಳಿ ಹುಳ ತಲೆ ಒಳಗೆ ತೂರಿಸ್ಕೊಂಡು ಬಾಲ ಹೊರಗೆ ಬಿಟ್ಕೊಂಡಿದೆ. ಚಿಮ್ಮಟದಲ್ಲಿ ಹಿಡಿದು ಎಳೆದು ಹಾಕಿದ್ರು, ಸ್ವಲ್ಪ ಹೊತ್ತಿಗೆ ನೋವು ಹೋಯ್ತು. ಅವರು ಈಗ್ಲೂ ಸಾಶಿಮಿ ತಿಂತಾರೆ, ಆದ್ರೆ ಆ ಮೀನು ಮುಟ್ಟಲ್ಲ. ಅವರಿಗೆ ನೋವಲ್ಲೇ ಮುಗೀತು, ಕೆಲವರಿಗೆ ಈ ಹುಳದಿಂದ ಅಲರ್ಜಿ ಶುರುವಾಗುತ್ತೆ, ಮೈಯೆಲ್ಲ ದದ್ದು, ಅಪರೂಪಕ್ಕೆ ಉಸಿರು ಕಟ್ಟೋವರೆಗೂ ಹೋಗುತ್ತೆ.

ವಿನೆಗರಿಗೆ ಸಾಯಲ್ಲ ಇದು. ಉಪ್ಪು, ಸೋಯಾ ಸಾಸ್, ವಸಾಬಿ, ಜೊತೆಗೆ ಕುಡಿಯೋ ಸಾಕೆ, ಯಾವುದಕ್ಕೂ ಸಾಯಲ್ಲ, ಚೆನ್ನಾಗಿ ಅಗಿದ್ರೆ ಸಾಕು ಅನ್ನೋದನ್ನೂ ನಂಬ್ಕೊಂಡು ಕೂರೋಕಾಗಲ್ಲ. ಸಾಯೋದು ಎರಡಕ್ಕೆ, ಬಿಸಿ ಮತ್ತೆ ಕೊರೆಯೋ ಚಳಿ. 60 ಡಿಗ್ರಿಯಲ್ಲಿ ಒಂದು ನಿಮಿಷ, ಇಲ್ಲಾಂದ್ರೆ ಮೈನಸ್ 20 ಡಿಗ್ರಿಯಲ್ಲಿ 24 ಗಂಟೆಗೂ ಹೆಚ್ಚು, ಅದೂ ತುಂಡಿನ ನಡುವಿನವರೆಗೆ ಆ ಚಳಿ ಹೋಗ್ಬೇಕು. ಜಪಾನ್ ಸರ್ಕಾರ ಹೇಳೋದು ಇದು, ಅಮೆರಿಕದವರು ಇನ್ನೂ ಕಟ್ಟುನಿಟ್ಟು, ಮೈನಸ್ 20ರಲ್ಲಿ ಏಳು ದಿನ ಅಂತಾರೆ. ಹಾಗಾಗಿ ಫ್ರೋಜನ್ ಅಂದ ತಕ್ಷಣ ಮುಖ ಸಿಂಡರಿಸ್ಬೇಡಿ. ಟ್ಯೂನಾನ ಹಡಗಲ್ಲೇ ಮೈನಸ್ 60ರ ಹತ್ರ ಫ್ರೀಜ್ ಮಾಡಿ ತರ್ತಾರೆ, ಕಟ್ಸುವೊನೂ ಎಷ್ಟೋ ಹಾಗೇ ಬರೋದು, ಕರಗಿಸಿದ್ದು ಅಂತ ಪ್ಯಾಕೆಟ್ ಮೇಲೆ ಬರೆದಿರ್ತಾರೆ. ಹುಳದ ದೃಷ್ಟಿಯಿಂದ ನೋಡಿದ್ರೆ ಬೆಳಗ್ಗೆ ಹಿಡಿದ ಮೀನಿಗಿಂತ ಈ ಫ್ರೋಜನ್ ಮೀನೇ ಹೆಚ್ಚು ಸೇಫ್. ರುಚಿಯಲ್ಲಿ ವ್ಯತ್ಯಾಸ ಇದೆ, ಸುಳ್ಳು ಹೇಳಲ್ಲ, ಒಂದ್ಸಲಾನೂ ಫ್ರೀಜ್ ಆಗದ ಕಟ್ಸುವೊ ನಾಲಿಗೆಗೆ ಅಂಟೋ ಥರ ಇರುತ್ತೆ, ಕರಗಿಸಿದ್ದು ಸ್ವಲ್ಪ ನೀರು ನೀರು. ನನಗೆ ಆ ವ್ಯತ್ಯಾಸಕ್ಕೋಸ್ಕರ ರಿಸ್ಕ್ ತಗೊಳ್ಳೋದು ಕೋಚಿಯಂಥ ಊರಲ್ಲಿ ಒಪ್ಪಿಗೆ, ಬೇರೆ ಕಡೆ ಇಲ್ಲ. ಯಾಕಂದ್ರೆ ಇಲ್ಲಿ ಹಿಡಿಯೋರು, ಕರುಳು ತೆಗೆಯೋರು, ಕತ್ತರಿಸೋರು ಎಲ್ಲರೂ ಇದೇ ಮೀನಲ್ಲಿ ಕೈ ಪಳಗಿದೋರು, ಕತ್ತರಿಸುವಾಗ ಅವರ ಕಣ್ಣು ನೋಡಿ, ಚಾಕು ಎಷ್ಟು ಓಡುತ್ತೋ ಅದಕ್ಕಿಂತ ಮುಂದೆ ಕಣ್ಣು ಓಡ್ತಿರುತ್ತೆ.

ಇನ್ನೊಂದು ಸ್ವಾರಸ್ಯ ಇದೆ. ಟೋಕಿಯೋ ಕಡೆ ಹಸಿ ಬಂಗುಡೆ ಅಂದ್ರೆ ಜನ ಹೆದರ್ತಾರೆ, ಫುಕುಓಕಾ ಕಡೆ ಎಳ್ಳು ಹಾಕಿ ಕಲಸಿ ರಾಜಾರೋಷವಾಗಿ ತಿಂತಾರೆ. ಸುಮ್ನೆ ಧೈರ್ಯ ಅಲ್ಲ ಅದು, ಜಪಾನ್ ಸಮುದ್ರದ ಕಡೆ ಸಿಗೋ ಅನಿಸಾಕಿಸ್ ಜಾತಿನೇ ಬೇರೆ, ಅದು ಕರುಳು ಬಿಟ್ಟು ಮಾಂಸಕ್ಕೆ ಹೋಗೋದು ಕಮ್ಮಿ, ಪೆಸಿಫಿಕ್ ಕಡೆಯದು ಜಾಸ್ತಿ ಹೋಗುತ್ತೆ ಅಂತ ವಿಜ್ಞಾನಿಗಳು ಕಂಡ್ಕೊಂಡಿದಾರೆ. ಅಂದ್ರೆ ಊರವರ ಅಭ್ಯಾಸಕ್ಕೆ ಅಲ್ಲಿನ ಸಮುದ್ರವೇ ಕಾರಣ, ಅದನ್ನ ನಾವು ಇನ್ನೊಂದು ಊರಿಗೆ ಎತ್ಕೊಂಡು ಹೋಗೋಕಾಗಲ್ಲ. ಕೋಚಿ ಜಿಲ್ಲೆಯ ತೋಸಾಶಿಮಿಜು ಅನ್ನೋ ಊರಿನ ಶಿಮಿಜು ಸಾಬಾ ಅನ್ನೋ ಮೀನೂ ಹಸಿ ತಿನ್ನೋಕೆ ಹೆಸರಾಗಿದ್ದು. ಗಾಳದಲ್ಲಿ ಹಿಡಿದು ಜೀವಂತ ತಂದು ಕತ್ತರಿಸ್ತಾರೆ, ಗಟ್ಟಿಯಾಗಿ ಕರುಂ ಅನ್ನೋ ಥರ ಇರುತ್ತೆ, ಬಂಗುಡೆ ಜಾತಿ ಹೀಗೂ ಇರುತ್ತಾ ಅನ್ಸುತ್ತೆ. ಪೆಸಿಫಿಕ್ ಕಡೆಯ ಮೀನು ಅನ್ನೋದು ನೆನಪಿಟ್ಕೊಂಡೇ ತಿನ್ನಿ.

ಹಿರೋಮೆಯಲ್ಲಿ ಸಿಗೋ ಇನ್ನೊಂದು ದೊರೊಮೆ. ಬೂತಾಯಿ ಥರದ ಮೀನಿನ ಮರಿಗಳು, ಒಂದೊಂದೂ ಅಕ್ಕಿಕಾಳಿಗಿಂತ ಉದ್ದ, ಪಾರದರ್ಶಕ, ಕಣ್ಣು ಮಾತ್ರ ಕಪ್ಪು ಚುಕ್ಕಿ. ಎಳೆ ಬೆಳ್ಳುಳ್ಳಿ ಸೊಪ್ಪು ಮಿಸೊ ವಿನೆಗರ್ ಸೇರಿಸಿ ರುಬ್ಬಿದ ಹಸಿರು ಚಟ್ನಿ ಜೊತೆ ಕೊಡ್ತಾರೆ, ನುತಾ ಅಂತಾರೆ. ಮೀನು ಸಪ್ಪೆ, ಸ್ವಲ್ಪ ಕಹಿ, ಜಾರುತ್ತೆ, ಆದ್ರೆ ಆ ಚಟ್ನಿಗೋಸ್ಕರ ತಗೊಳ್ಳಿ, ನಮ್ಮ ಬಾಯಿಗೆ ಹಿಡಿಸುತ್ತೆ. ಹಸಿ ಬೇಡವೇ ಬೇಡ ಅನ್ನೋರು ಜೊತೆಗಿದ್ರೆ ಉತ್ಸುಬೊ ಅನ್ನೋ ಹಾವುಮೀನಿನ ಫ್ರೈ ಇದೆ, ಗ್ಯೋಜಾ ಅನ್ನೋ ಕಡುಬು ಇದೆ, ಅವರೂ ಉಪವಾಸ ಕೂರೋ ಹಾಗಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ, ಎಲ್ಲದರಲ್ಲೂ ಮೀನಿನ ಸಾರು ಇರುತ್ತೆ.

ನಮ್ಮ ಕರಾವಳಿಯವರಿಗೆ ಒಂದು ವಿಷಯ ಒತ್ತಿ ಹೇಳ್ಬೇಕು. ಕಟ್ಸುವೊ, ಟ್ಯೂನಾ, ಬಂಗುಡೆ, ಬೂತಾಯಿ, ಈ ಕೆಂಪು ಮಾಂಸದ ಮೀನುಗಳಲ್ಲಿ ಹಿಸ್ಟಿಡಿನ್ ಅನ್ನೋದು ಜಾಸ್ತಿ. ಐಸ್ ಸರಿಯಾಗಿ ಹಾಕದೆ ಬಿಸಿಲಲ್ಲಿ ಬಿಟ್ರೆ ಬ್ಯಾಕ್ಟೀರಿಯಾ ಅದನ್ನ ಹಿಸ್ಟಮಿನ್ ಅನ್ನೋ, ಅಲರ್ಜಿ ಥರದ ಲಕ್ಷಣ ತರೋ ವಸ್ತು ಮಾಡಿಬಿಡುತ್ತೆ, ತಿಂದ ಅರ್ಧ ಗಂಟೆ ಒಂದು ಗಂಟೆಯಲ್ಲಿ ಮುಖ ಕೆಂಪಾಗಿ ಉರಿ, ತಲೆನೋವು, ದದ್ದು. ಕೆಟ್ಟ ವಿಷಯ ಏನಂದ್ರೆ ಒಂದ್ಸಲ ಹಿಸ್ಟಮಿನ್ ಆದ್ಮೇಲೆ ಕುದಿಸಿದ್ರೂ ಹೋಗಲ್ಲ, ಫ್ರೀಜ್ ಮಾಡಿದ್ರೂ ಹೋಗಲ್ಲ, ವಾಸನೆಯಲ್ಲೂ ಯಾವಾಗ್ಲೂ ಗೊತ್ತಾಗಲ್ಲ. ನಾಲಿಗೆ ತುದಿಗೆ ಚುರುಕ್ ಅಂದ್ರೆ ಉಗಿದುಬಿಡಿ. ಊರಲ್ಲಿ "ನನಗೆ ಬಂಗುಡೆ ಅಲರ್ಜಿ" ಅನ್ನೋರಲ್ಲಿ ಕೆಲವರಿಗೆ ಆಗಿರೋದು ಅಲರ್ಜಿನೇ ಅಲ್ಲ, ಇದೇ ಇರಬಹುದು.

ಮಾಂಸದ ಕಥೆ ಬೇರೆ. ಹಿರೋಮೆ ಮೀನಿನ ಜಾಗ, ಆದ್ರೆ ಜಪಾನಿಗೆ ಹೋದೋರು ಹಸಿ ಮಾಂಸಾನೂ ನೋಡ್ತೀರ, ಹಾಗಾಗಿ ಇಲ್ಲೇ ಹೇಳ್ತೀನಿ. ಕ್ಯೂಶೂವಿನ ಕುಮಾಮೊತೊದಲ್ಲಿ ಬಾಸಾಶಿ ಅಂತ ಕುದುರೆಯ ಹಸಿ ಮಾಂಸ ಕೊಡ್ತಾರೆ. ತಿಂದಿದೀನಿ, ಚೆನ್ನಾಗಿದೆ. ಗಾಢ ಕೆಂಪು ತೆಳು ಹೋಳು, ತಣ್ಣಗೆ, ಸ್ವಲ್ಪ ಸಿಹಿ, ನಾರು ಇಲ್ಲ, ಶುಂಠಿ ಬೆಳ್ಳುಳ್ಳಿ ಮತ್ತೆ ಕ್ಯೂಶೂ ಕಡೆಯ ಸಿಹಿ ಸೋಯಾ ಸಾಸ್ ಜೊತೆ. ಪಕ್ಕದಲ್ಲಿ ಕತ್ತಿನ ಕೂದಲ ಕೆಳಗಿನ ಬಿಳಿ ಕೊಬ್ಬಿನ ಹೋಳು ಇಡ್ತಾರೆ, ಕೆಂಪು ಬಿಳಿ ಎರಡನ್ನೂ ಒಟ್ಟಿಗೆ ತಿನ್ನೋದು ಪದ್ಧತಿ. ಅದರಲ್ಲೂ ಒಂದು ಪರಾವಲಂಬಿ ಇರಬಹುದು ಅಂತ ಗೊತ್ತಾಗಿ 2011ರಿಂದ ಮೈನಸ್ 20ರಲ್ಲಿ 48 ಗಂಟೆ ಅಂತ ಫ್ರೀಜ್ ಮಾಡೋ ಕ್ರಮ ಬಂದಿದೆ. ಕುದುರೆ ಮೆಲುಕು ಹಾಕೋ ಪ್ರಾಣಿ ಅಲ್ಲ, ಹಾಗಾಗಿ ದನದ ಕರುಳಲ್ಲಿ ಇರೋ ಅಪಾಯದ ಇ ಕೋಲೈ ಬ್ಯಾಕ್ಟೀರಿಯಾ ಭಯ ಇದರಲ್ಲಿ ಕಮ್ಮಿ. ಇಲ್ಲೂ ಕಾಪಾಡ್ತಿರೋದು ಫ್ರೀಜರೇ.

ದನದ ಹಸಿ ಮಾಂಸದ್ದು ದುಃಖದ ಕಥೆ. 2011ರ ಏಪ್ರಿಲಲ್ಲಿ ತೊಯಾಮಾ, ಫುಕುಯಿ ಕಡೆ ಒಂದು ಮಾಂಸದ ಹೋಟೆಲ್ ಚೈನಲ್ಲಿ ಯುಕ್ಕೆ ತಿಂದ ಐದು ಜನ ಸತ್ತುಹೋದ್ರು, ಅದರಲ್ಲಿ ಮಕ್ಕಳೂ ಇದ್ರು, ನೂರಕ್ಕೂ ಹೆಚ್ಚು ಜನ ಮಲಗಿದ್ರು. ಯುಕ್ಕೆ ಅಂದ್ರೆ ಸಣ್ಣಗೆ ಹೆಚ್ಚಿದ ಹಸಿ ಮಾಂಸದ ಮೇಲೆ ಹಸಿ ಮೊಟ್ಟೆಯ ಹಳದಿ. ದಪ್ಪ ತುಂಡಲ್ಲಿ ಬ್ಯಾಕ್ಟೀರಿಯಾ ಇರೋದು ಹೆಚ್ಚಾಗಿ ಮೇಲ್ಮೈಯಲ್ಲಿ, ಅದನ್ನ ಕೆತ್ತಿ ತೆಗೀದೆ ಸಣ್ಣಗೆ ಹೆಚ್ಚಿದ್ರೆ ಹೊರಗಿದ್ದದ್ದೆಲ್ಲ ಒಳಗೆ ಬೆರೆಯುತ್ತೆ. ಅದಾದ್ಮೇಲೆ ಅದೇ ವರ್ಷ ಅಕ್ಟೋಬರಲ್ಲಿ ನಿಯಮ ಬಂತು, ಮೇಲ್ಮೈಯಿಂದ ಒಂದು ಸೆಂಟಿಮೀಟರ್ ಆಳದವರೆಗೆ 60 ಡಿಗ್ರಿಯಲ್ಲಿ ಎರಡು ನಿಮಿಷ ಬಿಸಿ ಮಾಡಿ ಆ ಭಾಗ ಕತ್ತರಿಸಿ ತೆಗೆದು ಉಳಿದ ಒಳಗಿನದ್ದನ್ನ ಮಾತ್ರ ಹಸಿ ಕೊಡ್ಬೇಕು. 2012ರ ಜುಲೈಯಿಂದ ದನದ ಹಸಿ ಲಿವರ್ ಪೂರ್ತಿ ನಿಷೇಧ, 2015ರ ಜೂನಿಂದ ಹಂದಿ ಹಸಿ ಕೊಡೋದೂ ನಿಷೇಧ. ಯಾರಾದ್ರೂ "ನಮ್ಮಲ್ಲಿ ಗುಟ್ಟಾಗಿ ಸಿಗುತ್ತೆ" ಅಂದ್ರೆ ಎದ್ದು ಬನ್ನಿ.

ಕೋಳಿಯನ್ನ ಮಾತ್ರ ದೇಶಕ್ಕೆಲ್ಲ ಅನ್ವಯಿಸೋ ಹಾಗೆ ನಿಷೇಧ ಮಾಡಿಲ್ಲ, ಕಾಗೊಶಿಮಾ ಮಿಯಾಜಾಕಿಯಲ್ಲಿ ಹಸಿ ಕೋಳಿ ತಿನ್ನೋದು ಹಳೇ ಪದ್ಧತಿ, ಅಲ್ಲಿನ ಆಡಳಿತ ಅದಕ್ಕಂತಲೇ ನಿಯಮ ಮಾಡಿದೆ. ಒಸಾಕಾ ಟೋಕಿಯೋ ಕುಡಿಯೋ ಅಂಗಡಿಗಳಲ್ಲೂ ಅಲ್ಲಲ್ಲಿ ಸಿಗುತ್ತೆ, ನಾನು ಮುಟ್ಟಲ್ಲ, ನೀವೂ ಮುಟ್ಬೇಡಿ. ಕೋಳಿ ಕರುಳಲ್ಲಿರೋ ಕ್ಯಾಂಪಿಲೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಕೆಲವು ನೂರು ಇದ್ರೇ ಸಾಕು ಕಾಯಿಲೆ ಬರೋಕೆ, ಮತ್ತೆ ಅದು ಗಾಳಿಗೆ ಸಾಯೋ ಬ್ಯಾಕ್ಟೀರಿಯಾ, ಅಂದ್ರೆ ಕೋಳಿ ಎಷ್ಟು ಫ್ರೆಶ್ಶೋ ಬ್ಯಾಕ್ಟೀರಿಯಾನೂ ಅಷ್ಟು ಜೀವಂತ. "ಇವತ್ತು ಬೆಳಗ್ಗೆ ಕೊಯ್ದಿದ್ದು" ಅಂತ ಅಂಗಡಿಯವನು ಹೆಮ್ಮೆಯಿಂದ ಹೇಳಿದ್ರೆ ಅದು ಹೆದರಬೇಕಾದ ಮಾತು. ಭೇದಿ ನಿಂತು ಕೆಲವು ವಾರ ಆದ್ಮೇಲೆ ಅಪರೂಪಕ್ಕೆ ಕೆಲವರಿಗೆ ಗಿಯಾನ್ ಬಾರೆ ಅಂತ ಕೈಕಾಲು ಸ್ವಾಧೀನ ತಪ್ಪೋ ಕಾಯಿಲೆ ಬರುತ್ತೆ. ಒಂದು ಪ್ಲೇಟ್ ಸ್ಟಾರ್ಟರ್‌ಗೆ ಈ ಬೆಲೆ ಯಾಕೆ ಕೊಡ್ಬೇಕು.

ಊರಲ್ಲಿ ಟ್ರೈ ಮಾಡ್ತೀನಿ ಅನ್ನೋರಿಗೆ: ಮಾರ್ಕೆಟ್ಟಿಂದ ತಂದ ಅಂಜಲ್, ಕೇದರ ಯಾವುದನ್ನೂ ಹಸಿ ತಿನ್ಬೇಡಿ, ಎಷ್ಟೇ ಹೊಳೀತಿರ್ಲಿ. ನಮ್ಮ ಟ್ರಾಲ್ ದೋಣಿಗಳು ಎಷ್ಟೋ ದಿನ ಸಮುದ್ರದಲ್ಲಿದ್ದು ಐಸಲ್ಲಿಟ್ಟು ತರೋ ಮೀನು ಬೇಯಿಸಿ ತಿನ್ನೋಕೆ ಅಂತಲೇ ಬರೋದು, ಅದಕ್ಕೆ ಅದು ಒಳ್ಳೇ ಮೀನೇ. ಮನೆ ಫ್ರಿಜ್ಜಿನ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸು, ದಿನಕ್ಕೆ ಹತ್ತು ಸಲ ಬಾಗಿಲು ತೆಗೀತೀವಿ, ಅದನ್ನ ನಂಬ್ಬೇಡಿ. ರೋಹು ಕಾಟ್ಲಾ ಥರದ ಕೆರೆ ಹೊಳೆ ಮೀನಂತೂ ಹಸಿ ಬೇಡವೇ ಬೇಡ, ಥಾಯ್ಲೆಂಡಿನ ಈಶಾನ್ಯದಲ್ಲಿ ಸಿಹಿನೀರಿನ ಹಸಿ ಮೀನು ತಿಂದು ಪಿತ್ತನಾಳದಲ್ಲಿ ಹುಳ ಸೇರಿ ವರ್ಷಗಳಾದ್ಮೇಲೆ ಕ್ಯಾನ್ಸರ್ ಆದೋರು ಬಹಳ ಜನ ಇದಾರೆ. ಬೆಂಗಳೂರಲ್ಲಿ ಈಗ ಸುಶಿ ಕೊಡೋ ಜಾಗ ಬೇಕಾದಷ್ಟಿವೆ, ಅಲ್ಲಿ ಕೂತು ಸಂಕೋಚ ಇಲ್ದೆ ಕೇಳಿ, ಮೀನು ಎಲ್ಲಿಂದ ಬರುತ್ತೆ, ಫ್ರೋಜನ್ ಆಗಿ ಬರುತ್ತಾ, ಯಾವತ್ತು ಕರಗಿಸಿದ್ರಿ ಅಂತ. ಸರಿಯಾದ ಜಾಗದಲ್ಲಿ ಇದಕ್ಕೆ ಖುಷಿಯಿಂದ ಉತ್ತರ ಕೊಡ್ತಾರೆ. ಉತ್ತರ ತಡವರಿಸಿದ್ರೆ ಬೆಂದಿದ್ದೇನಾದ್ರೂ ಆರ್ಡರ್ ಮಾಡಿ. ಸಾಲ್ಮನ್ ಹೆಚ್ಚಾಗಿ ನಾರ್ವೆಯ ಸಾಕಿದ ಮೀನು, ತಯಾರಿಸಿದ ಆಹಾರ ಹಾಕಿ ಬೆಳೆಸೋದ್ರಿಂದ ಹುಳದ ಭಯ ಬಹಳ ಕಮ್ಮಿ, ಹೊಸಬರು ಅದರಿಂದ ಶುರು ಮಾಡಬಹುದು.

ಬಸುರಿಯರು, ಪುಟ್ಟ ಮಕ್ಕಳು, ತೀರಾ ವಯಸ್ಸಾದೋರು, ಕೀಮೋ ತಗೊಳ್ತಿರೋರು, ಲಿವರ್ ಕಾಯಿಲೆ ಇರೋರು ಹಿರೋಮೆಗೆ ಬಂದ್ರೂ ಹಸಿ ಬಿಡಿ, ಗ್ಯೋಜಾ ತಿನ್ನಿ. ಲಿವರ್ ಕಾಯಿಲೆಯೋರಿಗೆ ಹಸಿ ಸಿಂಪಿ ಅಂತೂ ಪ್ರಾಣಕ್ಕೇ ಅಪಾಯ. ಸಿಂಪಿ ವಿಷಯ ಬಂತಲ್ಲ, ಜಪಾನಿನ ಸೂಪರ್ ಮಾರ್ಕೆಟ್ಟಲ್ಲಿ ಸಿಂಪಿ ಪ್ಯಾಕೆಟ್ ಎರಡು ಥರ ಇರುತ್ತೆ, ಹಸಿ ತಿನ್ನೋಕೆ ಒಂದು, ಬೇಯಿಸೋಕೆ ಒಂದು. ಬೇಯಿಸೋದು ಹಳೇದು ಅಂತಲ್ಲ, ಎರಡೂ ಅಷ್ಟೇ ಫ್ರೆಶ್, ಬೆಳೆದ ಸಮುದ್ರದ ಭಾಗ ಮತ್ತೆ ತೊಳೆಯೋ ಕ್ರಮ ಬೇರೆ. ಬೇಯಿಸೋ ಪ್ಯಾಕೆಟ್ ತಂದು ಫ್ರೆಶ್ ಇದೆ ಅಂತ ಹಸಿ ತಿಂದ್ರೆ ವಾಂತಿ ಭೇದಿ ತರೋ ನೊರೊವೈರಸ್ ಗ್ಯಾರಂಟಿ ಅಂತ ಹೇಳಲ್ಲ, ಬಾಗಿಲು ತೆಗೆದಿಟ್ಟ ಹಾಗೆ.

ಅರ್ಧ ಸ್ಟಾರ್ ಯಾಕೆ ಕಮ್ಮಿ ಅಂದ್ರೆ ಭಾಷೆ. ಯಾವುದು ಫ್ರೋಜನ್ ಯಾವುದು ಅಲ್ಲ ಅಂತ ಬೋರ್ಡ್ ಓದೋಕೆ ಬರದ ಹೊರಗಿನೋರಿಗೆ ತಿಳಿಯೋದು ಕಷ್ಟ, ಫೋನಿನ ಟ್ರಾನ್ಸ್‌ಲೇಟ್ ಇಟ್ಕೊಂಡು ಹೋಗಿ. ರಜಾದಿನ ಮಧ್ಯಾಹ್ನ ಹಾಲ್ ತುಂಬಿರುತ್ತೆ, ಒಬ್ಬರು ಜಾಗ ಹಿಡ್ಕೊಳ್ಳಿ ಇನ್ನೊಬ್ಬರು ಕ್ಯೂ ನಿಲ್ಲಿ. ತತಾಕಿ ತಂದ ಕೂಡ್ಲೇ ತಿನ್ನಿ, ಫೋಟೋ ಆಮೇಲೆ. ಒಸಾಕಾದಿಂದ ಬಸ್ಸಲ್ಲಿ ಅವಾಜಿ ದ್ವೀಪದ ಮೇಲೆ ಹಾದು ಸುಮಾರು ಐದು ಗಂಟೆ, ಒಕಾಯಾಮಾದಿಂದ ನಾನ್‌ಪು ರೈಲಲ್ಲಿ ಎರಡೂವರೆ ಗಂಟೆ, ರೈಲೇ ವಾಸಿ, ಒಬೊಕೆ ಕಣಿವೆ ನೋಡ್ಕೊಂಡು ಬರಬಹುದು. ಅಕ್ಟೋಬರಲ್ಲಿ ಹೋಗಿ, ಶನಿವಾರ ರಾತ್ರಿ ಉಳ್ಕೊಳ್ಳಿ. ಭಾನುವಾರ ಬೆಳಗ್ಗೆ ಕೋಟೆ ಬಾಗಿಲಿಂದ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಸಂತೆ ಇರುತ್ತೆ, 300 ವರ್ಷಕ್ಕೂ ಹಳೇ ಸಂತೆ, ಕೋಚಿಯ ಶುಂಠಿ, ಯುಜು ನಿಂಬೆ ರಸ, ಬಿಸಿ ಬಿಸಿ ಗೆಣಸಿನ ಬಜ್ಜಿ ಎಲ್ಲಾ ಅಲ್ಲೇ ಸಿಗುತ್ತೆ. ಬಜ್ಜಿ ಹಿಟ್ಟಿಗೆ ಮೊಟ್ಟೆ ಹಾಕಿರಬಹುದು, ತಿನ್ನದೋರು ಕೇಳ್ಕೊಳ್ಳಿ.